ಒಂದೇ ಸೂರಿನಡಿ ಭಟ್ಟಿಯೂ ಲೇಸರ್ ಕಟರೂ: ಹಂಚಿಕೊಂಡ ಕಾರ್ಯಾಗಾರದಲ್ಲಿ ಸುರಕ್ಷತೆಯನ್ನು ಎಲ್ಲಿಂದ ಆರಂಭಿಸಬೇಕು?

ಹಸಿಮಣ್ಣು

ನಾವು ಹದಿನಾಲ್ಕು ಮಂದಿ ಸೇರಿ ಒಂದು ಕಾರ್ಯಾಗಾರವನ್ನು ನಡೆಸುತ್ತಿದ್ದೇವೆ. ಐದಾರು ಮಂದಿ ತಿಗರಿಯ ಮೇಲೆ ಪಾತ್ರೆ ಎತ್ತುವವರು; ಉಳಿದವರು ಕಟ್ಟಡಗಳ ಮಾದರಿ, ರೈಲಿನ ಮಾದರಿ, ಅಚ್ಚಿನ ಬೊಂಬೆಗಳನ್ನು ಮಾಡುವವರು. ಒಂದು ವಿದ್ಯುತ್ ಭಟ್ಟಿ, ಎರಡು ತಿಗರಿ, ಮಣ್ಣು ಹದಮಾಡುವ ಪಗ್ ಮಿಲ್, ಲೇಸರ್ ಕಟರ್, ಬ್ಯಾಂಡ್ ಸಾ, ಡಿಸ್ಕ್ ಸ್ಯಾಂಡರ್, ಬಣ್ಣ ಸಿಂಪಡಿಸುವ ಮೂಲೆ ಇವೆಲ್ಲವೂ ಒಂದೇ ಕೋಣೆಯಲ್ಲಿವೆ.

ಕಳೆದ ತಿಂಗಳು ಮೊದಲ ಸುಡುವಿಕೆಗೆಂದು ನಾನು ಭಟ್ಟಿಯನ್ನು ತುಂಬಿಸುತ್ತಿದ್ದಾಗ ಒಬ್ಬರು ಗೇಣುದ್ದದ ಒಂದು ಬೊಂಬೆಯನ್ನು ತಂದು, ಮೇಲಿನ ತಟ್ಟೆಯಲ್ಲಿ ಜಾಗವಿದ್ದುದರಿಂದ ಅಲ್ಲಿಟ್ಟರು. ಹೊರಮೈ ಒಣಗಿತ್ತು, ಬಣ್ಣ ತಿಳಿಯಾಗಿತ್ತು. ಬುಡ ಎಷ್ಟು ದಪ್ಪವಿದೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ಗಂಟೆಯ ನಂತರ ಒಳಗಿನಿಂದ ದಪ್ಪನೆ ಸದ್ದು ಕೇಳಿಸಿತು. ಮರುದಿನ ಮುಚ್ಚಳ ತೆಗೆದಾಗ ಆ ಬೊಂಬೆಯ ಜಾಗದಲ್ಲಿ ಹಿಡಿಯಷ್ಟು ಚೂರುಗಳಿದ್ದವು, ಮೂವರ ಪಾತ್ರೆಗಳು ಒಡೆದಿದ್ದವು, ಕಾಯುವ ತಂತಿ ಕೂರುವ ತೋಡಿನೊಳಗೆ ಚಕ್ಕೆಗಳು ಸಿಕ್ಕಿಕೊಂಡಿದ್ದವು. ಅದೇ ವಾರ ಒಂದು ಬೆಳಿಗ್ಗೆ ನಾನು ಬಾಗಿಲು ತೆರೆದಾಗ ಒಬ್ಬರು ತಿಗರಿಯ ಕೆಳಗೆ ಪೊರಕೆ ಹಿಡಿದು ಒಣಮಣ್ಣನ್ನು ಗುಡಿಸುತ್ತಿದ್ದರು. ಕಿಟಕಿಯ ಬಿಸಿಲುಕೋಲಿನಲ್ಲಿ ಧೂಳು ಹಾಲಿನಂತೆ ತೇಲುತ್ತಿತ್ತು.

ಗೋಡೆಯ ಮೇಲೆ ಇಪ್ಪತ್ತೆರಡು ಸಾಲುಗಳ ನಿಯಮಪಟ್ಟಿಯೊಂದಿದೆ, ಅದನ್ನು ಯಾರೂ ಓದುವುದಿಲ್ಲ. ನಾಲ್ಕೈದು ವಿಷಯಗಳನ್ನಷ್ಟೇ ಹಿಡಿದು ಮೊದಲಿನಿಂದ ಆರಂಭಿಸುವುದಾದರೆ ಯಾವುದನ್ನು ಮೊದಲಿಡುತ್ತೀರಿ?

ಆವಿಗೆ

ನಾನು ಧೂಳನ್ನೇ ಮೊದಲಿಡುತ್ತೇನೆ, ಮತ್ತು ಅದಕ್ಕೆ ಕಾರಣವಿದೆ. ಭಟ್ಟಿ ಸುಟ್ಟರೆ ತಕ್ಷಣ ತಿಳಿಯುತ್ತದೆ, ಗರಗಸ ಕಚ್ಚಿದರೆ ತಕ್ಷಣ ತಿಳಿಯುತ್ತದೆ. ಸಿಲಿಕಾ ಮಾತ್ರ ಹತ್ತು ವರ್ಷಗಳ ನಂತರ ಬಂದು ಲೆಕ್ಕ ಕೇಳುತ್ತದೆ. ನಾವು ಬಳಸುವ ಜೇಡಿಮಣ್ಣಿನಲ್ಲಿಯೂ ಪಾತ್ರೆಗೆ ಗಾಜಿನಂಥ ಹೊದಿಕೆ ಕೊಡಲು ಹಚ್ಚುವ ಗ್ಲೇಜ್‌ನಲ್ಲಿಯೂ ಸ್ಫಟಿಕ ರೂಪದ ಸಿಲಿಕಾ ಗಣನೀಯ ಪ್ರಮಾಣದಲ್ಲಿರುತ್ತದೆ. ಹಸಿಯಾಗಿರುವಷ್ಟು ಹೊತ್ತು ಅದು ನಿರಪಾಯಕಾರಿ. ಒಣಗಿ ಪುಡಿಯಾಗಿ ಗಾಳಿಗೇರಿದ ಮೇಲೆಯೇ ಅಪಾಯ. ಶ್ವಾಸಕೋಶದ ಆಳಕ್ಕಿಳಿಯುವ ಕಣಗಳು ಕೆಲವೇ ಮೈಕ್ರಾನ್ ಗಾತ್ರದವು. ಬಿಸಿಲುಕೋಲಿನಲ್ಲಿ ನಿಮಗೆ ಕಂಡದ್ದರಲ್ಲಿ ಹೆಚ್ಚಿನದು ದಪ್ಪ ಧೂಳು, ಅದು ಕೆಲವು ನಿಮಿಷಗಳಲ್ಲಿ ನೆಲಕ್ಕಿಳಿಯುತ್ತದೆ. ಕಾಣದೆ ಉಳಿದದ್ದು ಗಂಟೆಗಟ್ಟಲೆ ತೇಲುತ್ತದೆ. ಗುಡಿಸಿದವರು ಮನೆಗೆ ಹೋದ ಮೇಲೆ ಬಂದು ಮಾದರಿಗೆ ಅಂಟು ಹಚ್ಚುತ್ತ ಕುಳಿತವರು ಅದನ್ನು ಉಸಿರಾಡುತ್ತಾರೆ, ಮತ್ತು ತಮಗೂ ಮಣ್ಣಿಗೂ ಏನು ಸಂಬಂಧ ಎಂದುಕೊಂಡಿರುತ್ತಾರೆ.

ಸಿಲಿಕಾ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಒಮ್ಮೆ ಬಂದರೆ ವಾಸಿಯಾಗುವ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಕೆಲಸದ ಸ್ಥಳದಲ್ಲಿ ಉಸಿರಾಡುವ ಸ್ಫಟಿಕ ಸಿಲಿಕಾವನ್ನು 1997ರಲ್ಲಿ ಮೊದಲನೆಯ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಖಚಿತವಾಗಿರುವ ವಸ್ತುಗಳ ಸಾಲಿಗೆ ಸೇರಿಸಿತು. ಅಮೆರಿಕದಲ್ಲಿ 2016ರ ನಿಯಮದಂತೆ ಎಂಟು ಗಂಟೆಯ ಕೆಲಸದ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ. ಒಂದು ಗ್ರಾಂನ ಇಪ್ಪತ್ತು ಸಾವಿರದಲ್ಲಿ ಒಂದು ಭಾಗ ಎಂದರೆ ಎಷ್ಟೆಂದು ಕೈಯಲ್ಲಿ ತೂಗಿ ನೋಡಲಾಗದು. ಏಪ್ರನ್ನಿನ ಮೇಲೆ ಒಣಗಿದ ಮಣ್ಣಿನ ಒಂದು ಪದರವನ್ನು ಕೈಯಿಂದ ಝಾಡಿಸಿದರೆ ಮುಖದ ಸುತ್ತ ಏನಾಗುತ್ತದೆ ಎಂಬುದನ್ನು ನೀವೇ ಊಹಿಸಿ.

ಆದ್ದರಿಂದ ಪೊರಕೆಯನ್ನು ಕಾರ್ಯಾಗಾರದಿಂದಲೇ ಹೊರಗೆ ಹಾಕಿ; ಇದು ಉತ್ಪ್ರೇಕ್ಷೆಯಲ್ಲ. ಪೊರಕೆ ಇದ್ದರೆ ಯಾರಾದರೂ ಅದನ್ನು ಬಳಸಿಯೇ ತೀರುತ್ತಾರೆ. ನೆಲವನ್ನೂ ಮೇಜನ್ನೂ ಸ್ಪಂಜಿನಿಂದ ಅಥವಾ ಒದ್ದೆ ಬಟ್ಟೆಯಿಂದ ಒರೆಸಿ, ಎರಡು ಬಕೆಟ್ ಇಟ್ಟುಕೊಳ್ಳಿ: ಒಂದರಲ್ಲಿ ಹಿಂಡಿ, ಇನ್ನೊಂದರಲ್ಲಿ ಜಾಲಿಸಿ. ಕೆಸರುನೀರಿನ ಬಟ್ಟೆಯಿಂದಲೇ ಇಡೀ ನೆಲ ಒರೆಸಿದರೆ ಮಣ್ಣನ್ನು ತೆಳ್ಳಗೆ ಸಾರಿಸಿದಂತಾಗುತ್ತದೆ, ಒಣಗಿದ ಮೇಲೆ ಮತ್ತೆ ಅದೇ ಧೂಳು. ಸಾಮಾನ್ಯ ವ್ಯಾಕ್ಯೂಮ್ ಬೇಡವೇ ಬೇಡ. ಅದು ದಪ್ಪ ಧೂಳನ್ನು ಚೀಲದಲ್ಲಿಟ್ಟುಕೊಂಡು ಸಣ್ಣದನ್ನು ಹಿಂದಿನಿಂದ ಊದುತ್ತದೆ. 0.3 ಮೈಕ್ರಾನಿನ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುವ ಹೆಪಾ ಶೋಧಕವಿದ್ದರೆ ಮಾತ್ರ ಬಳಸಿ. ಒಣಗಿದ ಹಸಿಪಾತ್ರೆಯ ಅಂಚನ್ನು ಉಪ್ಪುಕಾಗದದಿಂದ ಉಜ್ಜುವ ಅಭ್ಯಾಸ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಅದನ್ನೂ ಬಿಡಿಸಿ. ಒದ್ದೆ ಸ್ಪಂಜು ಅದೇ ಕೆಲಸವನ್ನು ಮಾಡುತ್ತದೆ.

ಅಳತೆಗೋಲು

ಧೂಳಿನ ಮಾತನ್ನು ಒಪ್ಪುತ್ತೇನೆ, ಆದರೆ ಅದನ್ನು ಮಣ್ಣಿನವರ ತಪ್ಪು ಎಂಬಂತೆ ಬರೆದದ್ದಕ್ಕೆ ನನ್ನ ಆಕ್ಷೇಪವಿದೆ. ನಾನು ಮಾದರಿ ಮಾಡುವವನು. ನಮ್ಮ ಡಿಸ್ಕ್ ಸ್ಯಾಂಡರ್‌ನಿಂದ ಏಳುವ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಧೂಳು ಒಳ್ಳೆಯದೇನಲ್ಲ. ಮರದ ಧೂಳು 1995ರಿಂದಲೇ ಅದೇ ಮೊದಲನೆಯ ಗುಂಪಿನಲ್ಲಿದೆ, ಎಂಡಿಎಫ್‌ನ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಬೇರೆ. ಕುಂಬಾರರು ಅಷ್ಟು ಕಷ್ಟಪಟ್ಟು ನೆಲ ಒರೆಸಿದ ಮೇಲೆ ನಾವು ಹತ್ತು ನಿಮಿಷ ಸ್ಯಾಂಡರ್ ಓಡಿಸಿದರೆ ಹಸಿ ಗ್ಲೇಜಿನ ಮೇಲೂ ಅದು ಕೂರುತ್ತದೆ. ಹೀರುಕೊಳವೆಯನ್ನು ಜೋಡಿಸದೆ ಅದನ್ನು ಓಡಿಸಕೂಡದು.

ಹೊಸಬರಿಗೆ ಸ್ಯಾಂಡರ್ ನಿರುಪದ್ರವಿಯಂತೆ ಕಾಣುತ್ತದೆ, ಏಕೆಂದರೆ ಅದಕ್ಕೆ ಹಲ್ಲುಗಳಿಲ್ಲ. ತಟ್ಟೆ ಕೆಳಮುಖವಾಗಿ ತಿರುಗುವ ಅರ್ಧಭಾಗದಲ್ಲಿ ಮಾತ್ರ ತುಂಡನ್ನು ಒತ್ತಬೇಕು, ಆಗ ಅದು ಮೇಜಿನ ಮೇಲೆ ಕುಳಿತಿರುತ್ತದೆ. ಮೇಲೇರುವ ಬದಿಗೆ ಜಾರಿದರೆ ತುಂಡು ಎಗರಿ ಮುಖಕ್ಕೆ ಬರುತ್ತದೆ, ತುಂಡಿದ್ದ ಜಾಗಕ್ಕೆ ಬೆರಳು ಹೋಗುತ್ತದೆ. ಬೆಂಕಿಪೆಟ್ಟಿಗೆಗಿಂತ ಸಣ್ಣ ತುಂಡನ್ನು ಕೈಯಲ್ಲಿ ಹಿಡಿದು ಉಜ್ಜಬಾರದು. ಅದನ್ನು ದೊಡ್ಡ ಹಲಗೆಗೆ ಅಂಟಿಸಿ ಉಜ್ಜಿ. ತಿರುಗುವ ಯಾವ ಯಂತ್ರದ ಬಳಿಯೂ ಕೈಗವಸು ಬೇಡ, ಉದ್ದ ತೋಳು ಬೇಡ, ಬಿಚ್ಚಿದ ಕೂದಲು ಬೇಡ. ಕೈಗವಸು ಕೈಯನ್ನು ಕಾಯುತ್ತದೆ ಎಂಬ ನಂಬಿಕೆ ಇಲ್ಲಿ ತಿರುಗುಬಾಣವಾಗುತ್ತದೆ: ಚರ್ಮ ತರಚಿ ಹೋಗುವಲ್ಲಿ ಬಟ್ಟೆ ಸಿಕ್ಕಿಕೊಂಡು ಇಡೀ ಕೈಯನ್ನು ಎಳೆದೊಯ್ಯುತ್ತದೆ. ನಿಮ್ಮ ಪಗ್ ಮಿಲ್‌ಗೂ ಇದೇ ಮಾತು. ಅದು ನಿಧಾನವಾಗಿ ತಿರುಗುತ್ತದೆ ಎಂಬ ಸಲುಗೆಯಿಂದ ಬಾಯಿಯೊಳಗೆ ಬೆರಳಿನಿಂದ ಮಣ್ಣು ಒತ್ತುವವರನ್ನು ನಾನು ನೋಡಿದ್ದೇನೆ. ಒತ್ತಲು ಮರದ ಕೊರಡು ಇರಬೇಕು. ತೊಳೆಯುವಾಗ ಗುಂಡಿ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ನಿಮ್ಮ ಕಣ್ಣೆದುರು ಇಟ್ಟುಕೊಳ್ಳಬೇಕು, ಏಕೆಂದರೆ ಕೋಣೆಯಲ್ಲಿ ನೀವೊಬ್ಬರೇ ಇರುವುದಿಲ್ಲ.

ಲೇಸರ್ ಕಟರ್‌ನ ವಿಷಯದಲ್ಲಿ ಎರಡೇ ಮಾತು. ಅದು ಕತ್ತರಿಸುತ್ತಿರುವಾಗ ಬಿಟ್ಟು ಹೋಗಬೇಡಿ, ಅಕ್ರಿಲಿಕ್ ಹೊತ್ತಿಕೊಳ್ಳಲು ಒಂದು ಕ್ಷಣ ಸಾಕು. ಮತ್ತು ಯಾವುದೆಂದು ಗೊತ್ತಿಲ್ಲದ ಪ್ಲಾಸ್ಟಿಕ್ಕನ್ನು ಅದರೊಳಗೆ ಇಡಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಅದು ತೇವದೊಂದಿಗೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲವಾಗಿ ಗಂಟಲನ್ನೂ ಯಂತ್ರದ ಹಳಿಗಳನ್ನೂ ಒಟ್ಟಿಗೆ ತಿನ್ನುತ್ತದೆ. ಸಂಶಯವಿದ್ದರೆ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್ಕಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ ಎಂದರ್ಥ. ಇದನ್ನು ಹೊರಗೆ ಬಯಲಿನಲ್ಲಿ, ಉಗುರಿನಷ್ಟು ತುಂಡಿನಲ್ಲಿ ಮಾಡಿ.

ಸಣ್ಣಕೈ

ನಾನು ಈ ಕೆಲಸಕ್ಕೆ ಹೊಸಬಳು. ಮುಖಕ್ಕೆ ಮಾಸ್ಕ್ ಹಾಕಿಕೊಂಡರೆ ಈ ಧೂಳು, ಹೊಗೆ, ಬಣ್ಣದ ವಾಸನೆ ಎಲ್ಲಕ್ಕೂ ಸಾಲುವುದಿಲ್ಲವೇ?

ಆವಿಗೆ

ಸಾಲುವುದಿಲ್ಲ. ಎನ್95 ಮಾದರಿಯ ಮಾಸ್ಕ್ ಕಣಗಳನ್ನು ತಡೆಯುತ್ತದೆ, ಅನಿಲವನ್ನಲ್ಲ. ಬಣ್ಣದ ದ್ರಾವಕಕ್ಕೆ ಇದ್ದಿಲಿನ ಡಬ್ಬಿಯಿರುವ ಮುಖವಾಡ ಬೇಕು. ಅದು ಆವಿಯನ್ನು ಹೀರುತ್ತದೆ, ಆದರೆ ಕಣಶೋಧಕವನ್ನು ಜೋಡಿಸದಿದ್ದರೆ ಧೂಳನ್ನು ತಡೆಯುವುದಿಲ್ಲ. ಭಟ್ಟಿಯಿಂದ ಬರುವ ಕಾರ್ಬನ್ ಮೊನಾಕ್ಸೈಡನ್ನು ಈ ಎರಡೂ ತಡೆಯಲಾರವು. ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ನುಸುಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾಸ್ಕ್ ಹಾಕಿಕೊಂಡವರನ್ನು ಮಾತ್ರ ಕಾಯುತ್ತದೆ. ನೀವು ಮಾಸ್ಕ್ ಹಾಕಿಕೊಂಡು ಗ್ಲೇಜ್ ಪುಡಿ ಸುರಿದರೆ ಪಕ್ಕದ ಮೇಜಿನವರ ಮೂಗು ಬರಿದಾಗಿಯೇ ಇರುತ್ತದೆ. ಪುಡಿ ಬೆರೆಸುವಾಗ ನೀರಿಗೆ ಪುಡಿಯನ್ನು ನಿಧಾನವಾಗಿ ಇಳಿಸಿ, ಪುಡಿಯ ಮೇಲೆ ನೀರನ್ನು ಸುರಿಯಬೇಡಿ.

ಗ್ಲೇಜಿನ ಮಾತು ಬಂದದ್ದರಿಂದ ಹೇಳುತ್ತೇನೆ: ಬೇರಿಯಂ ಕಾರ್ಬೊನೇಟ್ ನೀರಿನಲ್ಲಿ ಕರಗದ ಬಿಳಿ ಪುಡಿ, ನೋಡಲು ಸೀಮೆಸುಣ್ಣದಂತೆ ಸಾಧು. ಹೊಟ್ಟೆಯ ಆಮ್ಲದಲ್ಲಿ ಅದು ಕರಗುತ್ತದೆ. ಇಲಿಪಾಷಾಣವಾಗಿ ಬಳಕೆಯಲ್ಲಿದ್ದ ವಸ್ತು ಅದು. ಮ್ಯಾಂಗನೀಸ್ ಡೈಆಕ್ಸೈಡ್, ಕ್ರೋಮಿಯಂ, ನಿಕ್ಕಲ್, ಕೋಬಾಲ್ಟ್ ಸಂಯುಕ್ತಗಳಿಗೂ ಅವುಗಳದೇ ಕಾಟಗಳಿವೆ. ಹಂಚಿಕೊಂಡ ಜಾಗದಲ್ಲಿ ಹೆಸರಿಲ್ಲದ ಡಬ್ಬಿ ಎಂಬುದೇ ಇರಬಾರದು. ತಿನ್ನುವ, ಕುಡಿಯುವ ಸಾಮಾನು ಕೆಲಸದ ಮೇಜಿಗೆ ಬರಬಾರದು.

ಗೂಡುಕಾವಲು

ಭಟ್ಟಿಯ ಒಡೆತದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅಲ್ಲಿ ಏನಾಯಿತೆಂಬುದನ್ನು ಇನ್ನೂ ಯಾರೂ ವಿವರಿಸಿಲ್ಲ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ದಪ್ಪ ಬುಡದ ನಡುವೆ ಉಳಿದ ಒಂದು ಚಮಚ ನೀರು 100 ಡಿಗ್ರಿ ದಾಟಿದೊಡನೆ ಹೊರಗೆ ಹೋಗಲು ದಾರಿ ಹುಡುಕುತ್ತದೆ, ಸಿಗದಿದ್ದರೆ ದಾರಿ ಮಾಡಿಕೊಳ್ಳುತ್ತದೆ. ಒಳಗೆ ಗಾಳಿಗುಳ್ಳೆ ಇದ್ದದ್ದಕ್ಕೆ ಒಡೆಯಿತು ಎನ್ನುವ ಮಾತು ಎಲ್ಲ ಕಡೆಯೂ ಇದೆ. ಪೂರ್ತಿ ಒಣಗಿದ ಪಾತ್ರೆಯ ಗಾಳಿಗುಳ್ಳೆ ಒಡೆಯುವುದಿಲ್ಲ, ಒಡೆಸುವುದು ನೀರು. ಹೊರಮೈಯ ಬಣ್ಣವನ್ನು ನಂಬಬೇಡಿ. ಪಾತ್ರೆಯ ಬುಡವನ್ನು ಕೆನ್ನೆಗೆ ತಾಗಿಸಿ ನೋಡಿ: ಒಳಗೆ ತೇವವಿದ್ದರೆ ತಂಪೆನಿಸುತ್ತದೆ, ಒಣಗಿದ್ದರೆ ಕೋಣೆಯಷ್ಟೇ ಬೆಚ್ಚಗಿರುತ್ತದೆ. ಸಂಶಯವಿದ್ದರೆ ಭಟ್ಟಿಯನ್ನು 80ರಿಂದ 90 ಡಿಗ್ರಿಯ ನಡುವೆ ಕೆಲವು ಗಂಟೆ ನಿಲ್ಲಿಸಿ, ದಪ್ಪ ಬೊಂಬೆಗಳಿದ್ದರೆ ಇಡೀ ರಾತ್ರಿ ನಿಲ್ಲಿಸಿ. ಮೊದಲ ಹಂತದಲ್ಲಿ ಇಣುಕುರಂಧ್ರದ ಬಿರಡೆಯನ್ನು ತೆಗೆದಿಡಿ. ಅಲ್ಲಿ ಕನ್ನಡಿ ಹಿಡಿದಾಗ ಅದು ಮಸುಕಾಗುತ್ತಿರುವಷ್ಟು ಹೊತ್ತೂ ನೀರು ಹೊರಬರುತ್ತಿದೆ ಎಂದು ತಿಳಿಯಿರಿ. ಟೊಳ್ಳು ಮಾಡದ ದಪ್ಪ ಬೊಂಬೆಯನ್ನು ತಂದವರಿಗೆ ಇಲ್ಲ ಎನ್ನುವ ಅಧಿಕಾರ ಭಟ್ಟಿ ತುಂಬಿಸುವವರಿಗೆ ಇರಬೇಕು. ನನ್ನ ಅನುಭವದಲ್ಲಿ ಯಂತ್ರಗಳಿಗಿಂತ ಈ ದಾಕ್ಷಿಣ್ಯವೇ ಹೆಚ್ಚು ಹಾನಿ ಮಾಡಿದೆ.

ನೀರಿನ ಹಂತ ಮುಗಿದ ಮೇಲೆ ಹೊಗೆಯ ಹಂತ. ಮಣ್ಣಿನಲ್ಲಿರುವ ಸಾವಯವ ಅಂಶಗಳು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್, ಗಂಧಕದ ಡೈಆಕ್ಸೈಡ್ ಬರುತ್ತವೆ. ಮೇಣ ಹಚ್ಚಿದ ಪಾತ್ರೆಗಳಿದ್ದರೆ ಇನ್ನೂ ಹೆಚ್ಚು. ಕಿಟಕಿ ತೆರೆದಿಡುವುದು ಏನೂ ಇಲ್ಲದ್ದಕ್ಕಿಂತ ಮೇಲು, ಅಷ್ಟೆ. ಭಟ್ಟಿಯಿಂದಲೇ ಹೊಗೆಯನ್ನು ಸೆಳೆದು ಹೊರಗೊಯ್ಯುವ ಕೊಳವೆ ಬೇಕು, ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆಯ ಗಂಟೆ ಬೇಕು, ಏಕೆಂದರೆ ಅದಕ್ಕೆ ವಾಸನೆಯಿಲ್ಲ.

ಭಟ್ಟಿ ತಾನಾಗಿಯೇ ಆರುತ್ತದೆ ಎಂದು ನಂಬಿ ಮನೆಗೆ ಹೋಗಬೇಡಿ. ನಿಯಂತ್ರಕದ ರಿಲೇ, ಅಂದರೆ ತಂತಿಗೆ ವಿದ್ಯುತ್ ಹರಿಸಿ ನಿಲ್ಲಿಸುವ ಸ್ವಿಚ್, ಹರಿಸುವ ಸ್ಥಿತಿಯಲ್ಲೇ ಅಂಟಿಕೊಂಡರೆ ಪರದೆಯ ಮೇಲೆ ‘ಮುಗಿಯಿತು’ ಎಂದು ಬರೆದಿರುತ್ತದೆ, ಒಳಗೆ ತಾಪ ಏರುತ್ತಲೇ ಇರುತ್ತದೆ. ನನ್ನ ಭಟ್ಟಿಯಲ್ಲೇ ಒಮ್ಮೆ ಹೀಗಾಯಿತು. ಮುಗಿಯುವ ಹೊತ್ತಿಗೆ ನಾನು ಅಲ್ಲಿದ್ದುದರಿಂದ ಗೋಡೆಯ ಮುಖ್ಯ ಸ್ವಿಚ್ಚನ್ನು ಎಳೆದೆ. ತಟ್ಟೆಗಳು ಅಷ್ಟರಲ್ಲೇ ಬಾಗಿದ್ದವು. ಇಣುಕುರಂಧ್ರದಲ್ಲಿ ಬರಿಗಣ್ಣಿನಿಂದ ನೋಡಬೇಡಿ, ಅವಕೆಂಪು (ಇನ್ಫ್ರಾರೆಡ್) ಕಿರಣಗಳನ್ನು ತಡೆಯುವ ಕನ್ನಡಕ ಬೇಕು. ಆರಿದ ಮೇಲೂ 100 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಮುಚ್ಚಳ ಮುಟ್ಟಬೇಡಿ. 573 ಮತ್ತು 226 ಡಿಗ್ರಿಗಳ ಆಸುಪಾಸಿನಲ್ಲಿ ಮಣ್ಣಿನೊಳಗಿನ ಸಿಲಿಕಾ ಹಠಾತ್ತನೆ ಕುಗ್ಗುವುದರಿಂದ ಆತುರಪಟ್ಟರೆ ಪಾತ್ರೆಯೂ ಸೀಳುತ್ತದೆ. ತೆಗೆಯುವಾಗ ತಟ್ಟೆಯ ಮೇಲೆ ಕೈಯಾಡಿಸಬೇಡಿ. ಹರಿದು ಗಟ್ಟಿಯಾದ ಗ್ಲೇಜಿನ ಹನಿ ಗಾಜಿನ ಸೂಜಿಯೇ ಸರಿ.

ಅಳತೆಗೋಲು

ಒಂದು ಪ್ರಶ್ನೆ. ಭಟ್ಟಿ ಉರಿಯುತ್ತಿರುವಾಗ ನಾವು ಸ್ಪ್ರೇ ಅಂಟು, ಬಣ್ಣ ಬಳಸಬಹುದೇ? ನಮ್ಮ ಸಿಂಪಡಣೆಯ ಮೂಲೆಗೂ ಭಟ್ಟಿಗೂ ನಾಲ್ಕು ಮಾರು ದೂರವಿದೆ.

ಗೂಡುಕಾವಲು

ಬಳಸಬಾರದು. ದ್ರಾವಕಗಳ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ನೀರಿನಂತೆ ಹರಿದು ಹೋಗುತ್ತದೆ, ನಿಮ್ಮ ಭಟ್ಟಿಯ ತಂತಿ, ರಿಲೇ ಅದಕ್ಕೆ ಕಿಡಿಯಾಗುತ್ತವೆ. ಅಸಿಟೋನ್ ಶೂನ್ಯಕ್ಕಿಂತ ಕೆಳಗಿನ ಉಷ್ಣತೆಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಾಲ್ಕು ಮಾರು ದೂರವೇ ಅಲ್ಲ. ಭಟ್ಟಿ ಉರಿಯುವ ದಿನ ಸಿಂಪಡಣೆ ಇಲ್ಲ ಎಂದು ಒಪ್ಪಂದ ಮಾಡಿಕೊಳ್ಳಿ.

ಅಚ್ಚುಪೆಟ್ಟಿಗೆ

ಪ್ಲಾಸ್ಟರನ್ನು ಎಲ್ಲರೂ ಮರೆತಿದ್ದೀರಿ. ಅದು ಕುಂಬಾರರಿಗೂ ಮಾದರಿಯವರಿಗೂ ಸಾಮಾನ್ಯವಾದ ವಸ್ತು, ಆದ್ದರಿಂದಲೇ ಯಾರದೂ ಅಲ್ಲದ ವಸ್ತು. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರಿನೊಂದಿಗೆ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ದಪ್ಪ ಗಡ್ಡೆಯೊಳಗೆ 60 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಇಂಗ್ಲೆಂಡಿನಲ್ಲಿ 2007ರಲ್ಲಿ ಹದಿನಾರು ವರ್ಷದ ವಿದ್ಯಾರ್ಥಿನಿಯೊಬ್ಬಳು ಕಲಾತರಗತಿಯಲ್ಲಿ ತನ್ನ ಕೈಗಳ ಅಚ್ಚು ತೆಗೆಯಲೆಂದು ಪ್ಲಾಸ್ಟರಿನ ಬಕೆಟ್ಟಿನಲ್ಲಿ ಕೈಗಳನ್ನು ಇಟ್ಟಳು. ಗಟ್ಟಿಯಾದ ಮೇಲೆ ಹೊರಗೆಳೆಯಲು ಆಗಲಿಲ್ಲ, ಬಿಸಿ ಏರುತ್ತಲೇ ಹೋಯಿತು. ಆಕೆಗೆ ಉಳಿದದ್ದು ಎರಡು ಬೆರಳುಗಳು. ಮೈಯ ಯಾವ ಭಾಗದ ಅಚ್ಚಿಗೂ ಪ್ಲಾಸ್ಟರನ್ನು ನೇರವಾಗಿ ಸುರಿಯಬಾರದು, ಅದಕ್ಕೆಂದೇ ಇರುವ ಆಲ್ಜಿನೇಟ್ ಬಳಸಿ.

ಉಳಿದದ್ದು ಅಷ್ಟು ಭಯಾನಕವಲ್ಲ, ಆದರೆ ಜಗಳ ತರುವಂಥದ್ದು. ಪ್ಲಾಸ್ಟರ್ ಬೆರೆಸಿದ ಬಕೆಟ್ಟನ್ನು ಸಿಂಕಿನಲ್ಲಿ ತೊಳೆದರೆ ಕೊಳವೆಯೊಳಗೆ ಕಲ್ಲಾಗುತ್ತದೆ. ಪ್ಲಾಸ್ಟರಿನ ಒಂದು ಕಾಳು ಮರುಬಳಕೆಯ ಮಣ್ಣಿನ ತೊಟ್ಟಿಗೆ ಬಿದ್ದರೆ ಸುಟ್ಟ ಮೇಲೆ ತೇವ ಹೀರಿ ಹಿಗ್ಗಿ, ವಾರಗಳ ನಂತರ ಪಾತ್ರೆಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ. ಆ ಹೊತ್ತಿಗೆ ಅದನ್ನು ಬೀಳಿಸಿದವರು ಯಾರೆಂದು ಯಾರಿಗೂ ನೆನಪಿರುವುದಿಲ್ಲ. ನಮ್ಮಲ್ಲಿ ಪ್ಲಾಸ್ಟರಿನ ಬಕೆಟ್, ಬಟ್ಟೆ, ಕರಂಡಿ ಎಲ್ಲವೂ ಕೆಂಪು ಬಣ್ಣದವು. ಕೆಂಪು ಸಾಮಾನು ಮಣ್ಣಿನ ಮೇಜಿಗೆ ಬರುವಂತಿಲ್ಲ.

ಮಾದರಿಯವರಿಗೆ ಇನ್ನೆರಡು ಮಾತು. ಬಿಸಿತಂತಿಯಿಂದ ಪಾಲಿಸ್ಟೈರೀನ್ ಕತ್ತರಿಸುವುದು ಗಾಳಿಯಾಡುವ ಕಡೆಯಾದರೆ ಸರಿ, ಹಳದಿ ಪಾಲಿಯುರೆಥೇನ್ ನೊರೆಯನ್ನು ಅದರಿಂದ ಮುಟ್ಟಬೇಡಿ. ಅದು ಐಸೊಸಯನೇಟ್, ಹೈಡ್ರೋಜನ್ ಸಯನೈಡ್ ಎಂಬ ವಿಷದ ಆವಿಗಳನ್ನು ಬಿಡುತ್ತದೆ. ಸೂಪರ್ ಗ್ಲೂ ಚೆಲ್ಲಿದರೆ ಹತ್ತಿಬಟ್ಟೆಯಿಂದ ಒರೆಸಬೇಡಿ. ಹತ್ತಿಯ ನೂಲಿನ ಮೇಲೆ ಅದು ಒಮ್ಮೆಲೇ ಗಟ್ಟಿಯಾಗಿ ಚರ್ಮ ಸುಡುವಷ್ಟು ಕಾಯುತ್ತದೆ. ನನ್ನ ತೊಡೆಯ ಮೇಲೆ ನಾಣ್ಯದಷ್ಟು ಗುರುತಿದೆ, ಪ್ಯಾಂಟಿನ ಮೇಲೆ ಮೂರು ಹನಿ ಬಿದ್ದದ್ದಷ್ಟೆ.

ಸಣ್ಣಕೈ

ಇಷ್ಟನ್ನು ಓದಿದ ಮೇಲೆ ತಿಗರಿಯೊಂದೇ ಸುರಕ್ಷಿತ ಎನಿಸುತ್ತಿದೆ.

ಆವಿಗೆ

ಹೆಚ್ಚುಕಡಿಮೆ ಸರಿ. ಒದ್ದೆಕೈಯಿಂದ ಪ್ಲಗ್ ಮುಟ್ಟಬೇಡಿ, ತಿಗರಿಯ ಸಾಲಿಗೆ 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಕೊಳ್ಳುವ ಸುರಕ್ಷಾ ಸ್ವಿಚ್ ಇದೆಯೇ ನೋಡಿ, ಕೆತ್ತುವ ಉಳಿಯನ್ನು ಮಣ್ಣಿನ ತೊಟ್ಟಿಯಲ್ಲಿ ಮರೆಯಬೇಡಿ. ಮುಂದಿನವರು ಅದೇ ತೊಟ್ಟಿಗೆ ಮೊಣಕೈವರೆಗೆ ಕೈ ಹಾಕುತ್ತಾರೆ.

ಹಸಿಮಣ್ಣು

ಎಲ್ಲರಿಗೂ ಧನ್ಯವಾದ. ಮೂರು ವಾರಗಳಲ್ಲಿ ಏನೇನು ಮಾಡಿದೆವು ಎಂಬುದನ್ನು ಬರೆಯುತ್ತೇನೆ. ಗೋಡೆಯ ಪಟ್ಟಿಯನ್ನು ತೆಗೆದುಹಾಕಿದೆವು. ಅದರ ಬದಲು ಪ್ರತಿ ಯಂತ್ರಕ್ಕೂ ಒಂದು ರಟ್ಟಿನ ಚೀಟಿ ಕಟ್ಟಿದ್ದೇವೆ. ಬಿಟ್ಟು ಹೋಗುವವರು ಅದು ಯಾವ ಸ್ಥಿತಿಯಲ್ಲಿದೆ ಎಂದು ಪೆನ್ಸಿಲಿನಲ್ಲಿ ಒಂದು ಸಾಲು ಬರೆಯಬೇಕು: ‘ಅಲಗು ಸಡಿಲವಾಗಿದೆ’, ‘ಭಟ್ಟಿ ಉರಿಯುತ್ತಿದೆ, ಸಿಂಪಡಣೆ ಇಲ್ಲ’, ‘ಪಗ್ ಮಿಲ್ ಪ್ಲಗ್ ನಾನೇ ತೆಗೆದದ್ದು’. ಭಟ್ಟಿಗೆ ಬರುವ ಪ್ರತಿ ವಸ್ತುವಿನ ಜೊತೆಗೂ ಚೀಟಿ ಬರಬೇಕು, ಅದರಲ್ಲಿ ಮಾಡಿದ ದಿನ ಮತ್ತು ಅತಿ ದಪ್ಪ ಭಾಗದ ಅಳತೆ ಇರಬೇಕು. ಪೊರಕೆಯನ್ನು ಕೊಟ್ಟುಬಿಟ್ಟೆವು, ಒಬ್ಬರು ಎರಡು ದಿನ ಮುನಿಸಿಕೊಂಡಿದ್ದರು. ಹೆಪಾ ಶೋಧಕದ ವ್ಯಾಕ್ಯೂಮ್ ಕೊಳ್ಳುವಷ್ಟು ಹಣ ಇನ್ನೂ ಕೂಡಿಲ್ಲ, ಅಲ್ಲಿಯವರೆಗೆ ಎರಡು ಬಕೆಟ್ಟಿನ ಪದ್ಧತಿ ನಡೆಯುತ್ತಿದೆ. ಸ್ಯಾಂಡರನ್ನು ಎಲ್ಲಿಡಬೇಕೆಂಬ ವಾದ ಬಗೆಹರಿದಿಲ್ಲ. ಸದ್ಯಕ್ಕೆ ಗ್ಲೇಜ್ ಹಚ್ಚುವ ದಿನ ಅದು ಓಡುವುದಿಲ್ಲ.

ನಿನ್ನೆ ಅದೇ ಗೆಳೆಯರು ಇನ್ನೊಂದು ಬೊಂಬೆಯನ್ನು ತಂದರು. ಚೀಟಿಯಲ್ಲಿ ‘ಬುಡ ನಾಲ್ಕು ಸೆಂಟಿಮೀಟರ್, ಟೊಳ್ಳು ಮಾಡಿಲ್ಲ, ಒಂಬತ್ತು ದಿನ’ ಎಂದು ಅವರೇ ಬರೆದಿದ್ದರು. ಇಬ್ಬರೂ ಕೆನ್ನೆಗೆ ತಾಗಿಸಿ ನೋಡಿದೆವು, ತಂಪಾಗಿತ್ತು. ಅದನ್ನು ಮುಂದಿನ ಸುಡುವಿಕೆಗೆಂದು ಎತ್ತಿಟ್ಟಿದ್ದೇವೆ.

ಗೂಡುಕಾವಲು

ನಾಲ್ಕು ಸೆಂಟಿಮೀಟರ್ ಎಂದರೆ ಎತ್ತಿಟ್ಟರೂ ಸಾಲದು. ಬುಡ ಇನ್ನೂ ತೊಗಲಿನಷ್ಟು ಮೆತ್ತಗಿದ್ದರೆ ಈಗಲೇ ಕೆಳಗಿನಿಂದ ಕೊರೆದು ಒಂದು ಸೆಂಟಿಮೀಟರಿಗೆ ಇಳಿಸಿ. ಗಟ್ಟಿಯಾಗಿದ್ದರೆ ಒಣಗಿದ ಮಣ್ಣನ್ನು ಕೆರೆಯಲು ಹೋಗಬೇಡಿ, ಅದೂ ಧೂಳೇ. ಇನ್ನೆರಡು ವಾರ ತಂತಿಜಾಲರಿಯ ಮೇಲೆ, ಬುಡಕ್ಕೂ ಗಾಳಿಯಾಡುವಂತೆ ಇಡಿ. ಸುಡುವ ದಿನ ಇಡೀ ರಾತ್ರಿ 85 ಡಿಗ್ರಿಯಲ್ಲಿ ನಿಲ್ಲಿಸಿ, ಅಲ್ಲಿಂದ ಮುಂದೆಯೂ ತಾಪವನ್ನು ಬಹಳ ನಿಧಾನವಾಗಿ ಏರಿಸಿ, ಮತ್ತು ಅದನ್ನು ಕೆಳತಟ್ಟೆಯಲ್ಲಿ ಒಂಟಿಯಾಗಿಡಿ.